ದೇವಿ ಹಾಕಿಸಿದ ತಾಯಂದಿರು

ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಸಿಡುಬಿಗೆ 'ದೇವಿ' ಎಂಬ ಹೆಸರಿದೆ. ಆ ರೋಗ ಬಾರದಿರಲೆಂದು ಎಳೆಯ ಮಕ್ಕಳ ತೋಳಿಗೆ ಹಾಕುತ್ತಿದ್ದ ಲಸಿಕೆಗೂ ಅದೇ ಹೆಸರು. 'ಕೂಸಿಗೆ ದೇವಿ ಹಾಕಿಸಿದರು' ಎಂದರೆ ಲಸಿಕೆ ಹಾಕಿಸಿದರು ಎಂದರ್ಥ. ನೆರೆಯ ಮರಾಠಿಯಲ್ಲಿಯೂ ಸಿಡುಬು 'ದೇವಿ'ಯೇ. ಹಳೆಯ ಮೈಸೂರಿನ ಕಡೆ ರೋಗಕ್ಕೆ 'ಮೈಲಿ' ಎಂತಲೂ ಲಸಿಕೆಗೆ 'ದಾಕು' ಎಂತಲೂ ಹೆಸರು. ಇಂದು ಬರಹದಲ್ಲಿ ನೆಲೆಗೊಂಡಿರುವ 'ಲಸಿಕೆ' ಎಂಬುದು ದೇಹದ್ರವವನ್ನು ಸೂಚಿಸುವ ಸಂಸ್ಕೃತದ 'ಲಸೀಕಾ' ಶಬ್ದದಿಂದ ಬಂದುದು. ಇಂಗ್ಲಿಷಿನ 'ವ್ಯಾಕ್ಸಿನ್' ಪದದ ಮೂಲ ಹಸು ಎಂಬರ್ಥದ ಲ್ಯಾಟಿನ್ ಪದ. ಒಂದು ಹೆಸರು ದ್ರವವನ್ನು ನೆನೆಯುತ್ತದೆ, ಇನ್ನೊಂದು ಹಸುವನ್ನು ನೆನೆಯುತ್ತದೆ. ರೋಗವನ್ನೂ ಅದನ್ನು ತರುವವಳನ್ನೂ ಅದರಿಂದ ಕಾಯುವ ಉಪಾಯವನ್ನೂ ಒಂದೇ ಮಾತಿನಲ್ಲಿ ಹಿಡಿದಿರುವುದು 'ದೇವಿ' ಎಂಬ ಪದ. ಈ ಪದವನ್ನು ಬಳಕೆಗೆ ತಂದವರು ಗ್ರಂಥಕರ್ತರಲ್ಲ; ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಂದಿರು, ಅಜ್ಜಿಯರು.

ಲಸಿಕೆಯ ಇತಿಹಾಸವನ್ನು ವೈದ್ಯರ ಮತ್ತು ಸರಕಾರಗಳ ಇತಿಹಾಸವಾಗಿ ಬರೆಯುವುದು ರೂಢಿ. ಅದರಲ್ಲಿ ತಾಯಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದು ಅಡ್ಡಿಯಾಗಿ, ಮಗುವನ್ನು ಅಡಗಿಸಿಟ್ಟವಳಾಗಿ, ಮೂಢನಂಬಿಕೆಯ ಉದಾಹರಣೆಯಾಗಿ. ಆದರೆ ಆಕೆಯ ಆತಂಕಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಕಾರಣಗಳಿದ್ದವು. ಅವುಗಳಲ್ಲಿ ಹಲವು ಯುಕ್ತವಾದವುಗಳೇ ಆಗಿದ್ದವು. ಆ ಕಾರಣಗಳನ್ನು ಬಿಡಿಸಿ ನೋಡಿದರೆ, ಭಯ ಕರಗಿದ್ದು ಯಾವಾಗ, ಗಟ್ಟಿಯಾದದ್ದು ಯಾವಾಗ ಎಂಬುದೂ ತಿಳಿಯುತ್ತದೆ.

ಬಾಲಗ್ರಹಗಳ ಲೋಕ

ಮಕ್ಕಳ ಕಾಯಿಲೆಯ ಚಿಂತೆ ಕನ್ನಡ ಶಾಸ್ತ್ರಸಾಹಿತ್ಯಕ್ಕೆ ಹೊಸದಲ್ಲ. ಸುಮಾರು 1200ರಲ್ಲಿದ್ದ ಜೈನ ಕವಿ ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ' ಮಕ್ಕಳ ವ್ಯಾಧಿಗಳಿಗೇ ಮೀಸಲಾದ ಗ್ರಂಥ. 12ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಎಳೆಯ ಕೂಸಿನ ನರಳಾಟಕ್ಕೆ ಕಾರಣ ಹುಡುಕುವ ಯತ್ನ, ಅದನ್ನು ಜನರ ನುಡಿಯಲ್ಲಿ ಬರೆದಿಡುವ ಕಾಳಜಿ ಈ ನೆಲದಲ್ಲಿ ಎಂಟುನೂರು ವರ್ಷಗಳಷ್ಟು ಹಳೆಯದು.

ಆಯುರ್ವೇದ ಪರಂಪರೆ ಮಕ್ಕಳ ಹಠಾತ್ ವ್ಯಾಧಿಗಳನ್ನು ಗ್ರಹಗಳ ಬಾಧೆಯೆಂದು ತಿಳಿಯಿತು. ಸುಶ್ರುತಸಂಹಿತೆ ಹೇಳುವ ಒಂಬತ್ತು ಬಾಲಗ್ರಹಗಳಲ್ಲಿ ರೇವತಿ, ಪೂತನಾ, ಶಕುನಿ ಮುಂತಾದ ಹೆಣ್ಣು ಹೆಸರುಗಳೇ ಹೆಚ್ಚು. ಅವುಗಳ ಸಾಲಿನಲ್ಲಿಯೇ ಬರುವ ನೈಗಮೇಷನು ಜೈನ ಪರಂಪರೆಯಲ್ಲಿ ಹರಿನೈಗಮೇಷಿಯಾಗಿ ಗರ್ಭದ ಮತ್ತು ಶಿಶುಗಳ ರಕ್ಷಕನಾಗುವುದು ಗಮನಾರ್ಹ. ಬಾಧಿಸುವ ಶಕ್ತಿಯೇ ಪೂಜೆಗೊಂಡಾಗ ಕಾಯುವ ಶಕ್ತಿಯಾಗುತ್ತದೆ ಎಂಬ ತಿಳಿವಳಿಕೆ ಇಲ್ಲಿದೆ. 'ದೇವಿ' ಎಂಬ ಪದದ ಹಿಂದಿರುವುದೂ ಇದೇ.

ಪೂತನಿಯ ಕಥೆಯಂತೂ ಎಲ್ಲ ತಾಯಂದಿರಿಗೂ ಗೊತ್ತು. ಎದೆಹಾಲಿನ ನೆಪದಲ್ಲಿ ವಿಷವೂಡಲು ಬಂದವಳು ಅವಳು. ಹಿತವೆಂದು ನೀಡಿದ್ದರಲ್ಲಿಯೇ ಅಹಿತ ಅಡಗಿರಬಹುದು ಎಂಬ ಅಳುಕು ಶಿಶುಪಾಲನೆಯಷ್ಟೇ ಹಳೆಯದು. ಆರೋಗ್ಯವಾಗಿ ನಗುತ್ತಿರುವ ಮಗುವಿನ ಮೈಯೊಳಗೆ ಪರಕೀಯರೊಬ್ಬರು ರೋಗದ ಅಂಶವನ್ನೇ ಸೇರಿಸುತ್ತೇವೆ ಎಂದಾಗ ತಾಯಿಯ ಮನಸ್ಸು ಹಿಂಜರಿದದ್ದು ಈ ಹಿನ್ನೆಲೆಯಲ್ಲಿ ಸಹಜ.

ಮನೆಗೆ ಬಂದ ಅಮ್ಮ

ಸಿಡುಬು ಎದ್ದ ಮನೆಯಲ್ಲಿ 'ರೋಗ ಬಂದಿದೆ' ಎನ್ನುತ್ತಿರಲಿಲ್ಲ, 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸುವುದು, ಒಗ್ಗರಣೆಯ ಘಾಟು ಏಳದಂತೆ ಅಡುಗೆ ಮಾಡುವುದು, ಮೊಸರನ್ನದಂಥ ತಂಪಿನ ಆಹಾರ ನೀಡುವುದು, ಹೊರಗಿನವರನ್ನು ಒಳಗೆ ಬಿಡದಿರುವುದು ಇವೆಲ್ಲ ಅಮ್ಮನ ಉಪಚಾರಗಳು. ಔಷಧವಿಲ್ಲದ ರೋಗಕ್ಕೆ ಶುಶ್ರೂಷೆಯೊಂದೇ ಗತಿಯಾಗಿದ್ದ ಕಾಲದಲ್ಲಿ ಈ ನಿಯಮಗಳು ರೋಗಿಗೆ ವಿಶ್ರಾಂತಿಯನ್ನೂ ನೆರೆಯವರಿಗೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತಿದ್ದವು. ಸಿಡುಬು ತಗಲಿದ ನೂರು ಜನರಲ್ಲಿ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದರು. ಉಳಿದವರಲ್ಲಿ ಅನೇಕರಿಗೆ ಮುಖದ ಮೇಲೆ ಕಲೆಗಳು ನಿಂತವು, ಕೆಲವರು ಕಣ್ಣು ಕಳೆದುಕೊಂಡರು.

ಲಸಿಕೆಗಿಂತ ಮೊದಲು ಇನ್ನೊಂದು ಉಪಾಯವಿತ್ತು. ಸಿಡುಬಿನ ಗುಳ್ಳೆಯ ಕೀವನ್ನೋ ಒಣಗಿದ ಹಕ್ಕಳೆಯ ಪುಡಿಯನ್ನೋ ಆರೋಗ್ಯವಂತರ ಮೈಗೆ ಸೋಂಕಿಸಿ, ಸೌಮ್ಯರೂಪದ ಸಿಡುಬನ್ನು ಬರಿಸಿಕೊಳ್ಳುವ ಕ್ರಮವದು. ಬಂಗಾಳದಲ್ಲಿ ಟೀಕಾದಾರರೆಂಬ ವೃತ್ತಿಯವರು ಶೀತಲಾದೇವಿಯ ಪೂಜೆಯೊಡನೆ ಇದನ್ನು ನಡೆಸುತ್ತಿದ್ದರು. ನೂರಕ್ಕೆ ಒಬ್ಬಿಬ್ಬರು ಇದರಿಂದಲೇ ಸಾಯುವ ಅಪಾಯವಿತ್ತಾದರೂ, ದೇವಿಯನ್ನು ಆಹ್ವಾನಿಸಿ ಗೌರವಿಸಿ ಕಳುಹಿಸುವ ವಿಧಿ ಇದರಲ್ಲಿ ಇದ್ದುದರಿಂದ ಜನ ಒಪ್ಪಿದ್ದರು. ಇದೇ ಪದ್ಧತಿಯನ್ನು ತುರ್ಕಿಯಲ್ಲಿ ಕಂಡ ಲೇಡಿ ಮೇರಿ ವರ್ಟ್‌ಲಿ ಮಾಂಟೆಗ್ಯು 1718ರಲ್ಲಿ ತನ್ನ ಮಗನಿಗೂ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಆಕೆಯ ತಮ್ಮ ಸಿಡುಬಿನಿಂದ ಸತ್ತಿದ್ದನು. ಆಕೆಯ ಮುಖವೂ ಸಿಡುಬಿನಿಂದ ವಿರೂಪಗೊಂಡಿತ್ತು. ಯುರೋಪಿನಲ್ಲಿ ಈ ಕ್ರಮಕ್ಕೆ ದಾರಿ ತೆರೆದವರಲ್ಲಿ ಒಬ್ಬ ತಾಯಿ ಮುಂದಿದ್ದಳು ಎಂಬುದು ಸ್ಮರಣೀಯ.

ತೋಳಿನಿಂದ ತೋಳಿಗೆ

1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ದ್ರವವನ್ನು ಎಂಟು ವರ್ಷದ ಬಾಲಕನೊಬ್ಬನಿಗೆ ಹಾಕಿ ಪರೀಕ್ಷಿಸಿದನು. 1798ರಲ್ಲಿ ಅದನ್ನು ಪ್ರಕಟಿಸಿದನು. ವಿಯೆನ್ನಾ, ಬಾಗ್ದಾದ್, ಬಸ್ರಾಗಳ ಮೂಲಕ ಬಂದ ಆ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ. ಬಿಸಿಲಿನ ನಾಡಿನಲ್ಲಿ ದ್ರವ ಬೇಗ ಕೆಡುತ್ತಿದ್ದುದರಿಂದ ಅದನ್ನು ಜೀವಂತವಾಗಿ ಉಳಿಸಲು ಮಕ್ಕಳ ತೋಳುಗಳೇ ಪಾತ್ರೆಗಳಾದವು. ಒಂದು ಮಗುವಿಗೆ ಹಾಕಿ, ಸುಮಾರು ಎಂಟನೆಯ ದಿನ ಆ ಗುಳ್ಳೆಯಿಂದ ದ್ರವ ತೆಗೆದು, ಮುಂದಿನ ಮಗುವಿಗೆ ಹಾಕುವುದು. ಅನ್ನಾಳ ತೋಳಿನಿಂದ ಮುಂಬಯಿಯ ಐವರು ಮಕ್ಕಳಿಗೆ, ಅಲ್ಲಿಂದ ಹೈದರಾಬಾದ್, ಕೊಚ್ಚಿ, ತಲಶ್ಶೇರಿ, ಚೆಂಗಲ್ಪಟ್ಟು, ಮದರಾಸುಗಳಿಗೆ, ಕೊನೆಗೆ ಮೈಸೂರಿನ ಅರಮನೆಗೆ ಲಸಿಕೆ ತಲುಪಿತು. ಕಲಬುರಗಿ, ಮಹಾಗಾಂವಗಳ ಸೀಮೆ ಆಗ ನಿಜಾಮರ ರಾಜ್ಯದಲ್ಲಿದ್ದು, ಅದರ ರಾಜಧಾನಿ ಹೈದರಾಬಾದೇ ಈ ಸರಪಳಿಯ ಮೊದಲ ಕೊಂಡಿಗಳಲ್ಲಿ ಒಂದಾಗಿತ್ತು.

ಅನ್ನಾ ಒಳ್ಳೆಯ ಸ್ವಭಾವದ ಮಗುವೆಂದು ವೈದ್ಯರು ಬರೆದಿಟ್ಟರು. ಆಕೆಯ ತಾಯಿ ಯಾರೆಂಬುದನ್ನು ಬರೆಯಲಿಲ್ಲ. ಉಪಖಂಡದ ಲಸಿಕೆಯ ಇತಿಹಾಸ ಹೀಗೆ ಹೆಸರಿಲ್ಲದ ತಾಯಿಯೊಬ್ಬಳಿಂದ ಆರಂಭವಾಗುತ್ತದೆ.

ಅರಮನೆಯ ಚಿತ್ರ, ಪಂಡಿತನ ಕಾವ್ಯ

ಜನರನ್ನು ಒಪ್ಪಿಸಲು ಆ ಕಾಲದಲ್ಲಿ ಎರಡು ದಾರಿಗಳನ್ನು ಹಿಡಿಯಲಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಒಂದು, ಫ್ರಾನ್ಸಿಸ್ ವೈಟ್ ಎಲ್ಲಿಸ್ ಹಿಡಿದ ದಾರಿ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವುಗಳಲ್ಲ, ಅವುಗಳದೇ ಬೇರೆ ಕುಟುಂಬ ಎಂದು 1816ರಲ್ಲಿಯೇ ಪ್ರತಿಪಾದಿಸಿದ ವಿದ್ವಾಂಸನಾಗಿ ಈತ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತ. ಇದೇ ಎಲ್ಲಿಸ್ ಧನ್ವಂತರಿಗೂ ದೇವಿಗೂ ನಡೆದ ಸಂವಾದವೆಂಬಂತೆ ತಮಿಳಿನಲ್ಲಿ ಒಂದು ಕೃತಿಯನ್ನು ರಚಿಸಿ, ಗೋವಿನಿಂದ ಬಂದ ಈ ಲಸಿಕೆಯೂ ಪವಿತ್ರವಾದುದೇ ಎಂದು ಪ್ರಾಚೀನ ಶಾಸ್ತ್ರದ ಧಾಟಿಯಲ್ಲಿ ಹೇಳಿಸಿದನು. ಉದ್ದೇಶ ಒಳ್ಳೆಯದೇ. ಆದರೆ ಇಂದಿನ ಬರವಣಿಗೆಗೆ ಹಳೆಯ ಶಾಸ್ತ್ರದ ವೇಷ ತೊಡಿಸಿ ಜನರನ್ನು ನಂಬಿಸಬಹುದೆಂಬ ಎಣಿಕೆಯಲ್ಲಿ, ಆ ಜನರಿಗೆ ನಿಜವನ್ನು ಹೇಳಿದರೆ ಅರ್ಥವಾಗದು ಎಂಬ ಭಾವವಿದೆ.

ಇನ್ನೊಂದು, ಮೈಸೂರಿನ ಅರಮನೆಯ ದಾರಿ. ಚಿತ್ರಕಾರ ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಅವರನ್ನು ನರ್ತಕಿಯರೆಂದು ಬಹುಕಾಲ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅದನ್ನು ಮತ್ತೆ ಪರಿಶೀಲಿಸಿ, ಇವರು ಮೈಸೂರಿನ ರಾಜಸ್ತ್ರೀಯರು, ಚಿತ್ರ ಬರೆಸಿದ್ದು ಲಸಿಕೆಯ ಪ್ರಚಾರಕ್ಕಾಗಿ ಎಂದು ವಾದಿಸಿದರು. ಅವರ ಪ್ರಕಾರ ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಮೂಗು ಬಾಯಿಗಳ ಸುತ್ತ ಬಣ್ಣಗೆಟ್ಟ ಗುರುತು ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುವ ಹಳೆಯ ಪದ್ಧತಿಯದು. ನಡುವೆ ನಿಂತವಳು ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿ. ಆಕೆ ಪತಿಯನ್ನು ಸಿಡುಬಿನಿಂದಲೇ ಕಳೆದುಕೊಂಡಿದ್ದಳೆಂಬುದು ಅವರ ಅಭಿಪ್ರಾಯ. ವ್ಯಕ್ತಿಗಳ ಗುರುತಿನ ಬಗೆಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಆದರೂ ಈ ಓದನ್ನು ಒಪ್ಪಿದರೆ ಚಿತ್ರದ ಅರ್ಥ ಸ್ಪಷ್ಟ. ಹಳೆಯ ಕ್ರಮ, ಹೊಸ ಕ್ರಮ, ಎರಡರ ನಡುವೆ ನಿಂತು ಒಪ್ಪಿಗೆ ನೀಡುವ ಹಿರಿಯ ಹೆಂಗಸು.

ಕಂಪನಿಯ ರಾಜಕೀಯ ಹಿತವೂ ಇದರಲ್ಲಿ ಸೇರಿತ್ತು ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಮನೆಯ ಹಿರಿಯಳು ಸಮ್ಮತಿಸಿ, ಕಿರಿಯಳು ತನ್ನ ತೋಳನ್ನೇ ಮುಂದೊಡ್ಡಿದ್ದು ಶಾಸ್ತ್ರದ ವೇಷ ತೊಟ್ಟ ಕಾವ್ಯಕ್ಕಿಂತ ಪ್ರಾಮಾಣಿಕವಾದ ಮಾತು. ಅದು ಹೆಣ್ಣಿನಿಂದ ಹೆಣ್ಣಿಗೆ ಹೇಳಿದ ಮಾತೂ ಹೌದು.

ಹಿಂಜರಿಕೆಯ ಕಾರಣಗಳು

ಸಾಮಾನ್ಯ ತಾಯಂದಿರ ಸ್ಥಿತಿ ಬೇರೆಯಾಗಿತ್ತು. ಅರಮನೆಯಲ್ಲಿ ಲಸಿಕೆ ಒಂದು ಸಲದ ಘಟನೆ. ಹಳ್ಳಿಯಲ್ಲಿ ಅದು ಎರಡು ಸಲದ ನೋವು. ಮೊದಲು ಮಗುವಿನ ತೋಳನ್ನು ಕೊಯ್ದು ದ್ರವ ಸೇರಿಸುತ್ತಿದ್ದರು. ವಾರದ ಮೇಲೆ ಅದೇ ಮಗು ಜ್ವರದಲ್ಲಿದ್ದಾಗ, ಉಬ್ಬಿದ ಗುಳ್ಳೆಯನ್ನು ಚುಚ್ಚಿ ಬೇರೆಯವರ ಮಕ್ಕಳಿಗಾಗಿ ದ್ರವ ತೆಗೆಯುತ್ತಿದ್ದರು. ತನ್ನ ಕೂಸಿನ ರಕ್ಷಣೆಯನ್ನೇ ಹೀರಿ ಒಯ್ಯುತ್ತಿದ್ದಾರೆ ಎಂದು ತಾಯಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಯಾರ ಮನೆಯ, ಯಾವ ಜಾತಿಯ ಮಗುವಿನ ದೇಹದ್ರವ ತನ್ನ ಮಗುವಿನ ಮೈಸೇರಿತು ಎಂಬ ಕಳವಳವೂ ಇತ್ತು. ಜಾತಿಯ ಮಡಿಯ ಮಾತನ್ನು ಬದಿಗಿಟ್ಟರೂ ಒಂದು ನಿಜ ಉಳಿಯುತ್ತದೆ: ತೋಳಿನಿಂದ ತೋಳಿಗೆ ಹಾಕುವ ಕ್ರಮದಲ್ಲಿ ಉಪದಂಶದಂಥ ಬೇರೆ ರೋಗಗಳು ದಾಟಿದ ಪ್ರಸಂಗಗಳು ಯುರೋಪಿನಲ್ಲಿಯೇ ದಾಖಲಾಗಿವೆ. ತಾಯಿಯ ಅಂಜಿಕೆಯ ಒಂದು ಭಾಗವನ್ನು ವೈದ್ಯಶಾಸ್ತ್ರವೇ ಮುಂದೆ ಸಮರ್ಥಿಸಿತು.

ಉಪಕರಣವೂ ಭಯಂಕರವಾಗಿತ್ತು. 20ನೆಯ ಶತಮಾನದಲ್ಲಿಯೂ ಬಹುಕಾಲ ಭಾರತದಲ್ಲಿ ಬಳಕೆಯಲ್ಲಿದ್ದುದು ಸಣ್ಣ ಹಲ್ಲುಗಳಿದ್ದ ಬಿಲ್ಲೆಯನ್ನು ಚರ್ಮದ ಮೇಲಿಟ್ಟು ತಿರುವುವ ಸಾಧನ. ಕವಲುಮೊನೆಯ ಸೂಜಿ ಅದರ ಸ್ಥಾನಕ್ಕೆ ಬಂದದ್ದು ಸಿಡುಬು ನಿರ್ಮೂಲನದ ಕೊನೆಯ ಹಂತದಲ್ಲಿ. ಲಸಿಕೆ ಹಾಕುವವನು ಊರಿಗೆ ಬಂದನೆಂದರೆ ಮಕ್ಕಳನ್ನು ಕಣಜದ ಹಿಂದೆ, ಹೊಲದಲ್ಲಿ ಅಡಗಿಸುತ್ತಿದ್ದುದಕ್ಕೆ ದೇವಿಯ ಕೋಪವೊಂದೇ ಕಾರಣವಲ್ಲ.

ತೋಳಿನ ಸರಪಳಿಯನ್ನು ತಪ್ಪಿಸಿದ್ದು ಕರುವಿನ ಮೈಮೇಲೆ ಬೆಳೆಸಿದ ಲಸಿಕೆ. ಮುಂಬಯಿ ಪ್ರಾಂತ್ಯಕ್ಕೆ ಇಂಥ ಲಸಿಕೆಯನ್ನು ತಯಾರಿಸುವ ಸಂಸ್ಥೆ 20ನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡಿತು. ಟಿಳಕವಾಡಿಯ ಆ ಬಯಲಿಗೆ ಇಂದಿಗೂ 'ವ್ಯಾಕ್ಸಿನ್ ಡಿಪೊ' ಎಂಬ ಹೆಸರು ಉಳಿದಿದೆ. ಬೆಂಗಳೂರಿನ ಲಸಿಕಾ ಕೇಂದ್ರದಲ್ಲಿ ದುಡಿದವರಲ್ಲಿ ಡಾ. ಪಲ್ಪು ಪ್ರಮುಖರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಅವರಿಗೆ ಕೆಲಸ ನಿರಾಕರಿಸಿದಾಗ ಮೈಸೂರು ಸಂಸ್ಥಾನ ಬರಮಾಡಿಕೊಂಡಿತು.

ಕರುವಿನ ಮೈಯನ್ನು ಗೀರಿ ಔಷಧ ಪಡೆಯುವ ಈ ಕ್ರಮ ಇನ್ನೊಂದು ಪ್ರಶ್ನೆಯನ್ನು ತಂದಿತು. ಗಾಂಧೀಜಿಯವರು ಲಸಿಕೆಯನ್ನು ವಿರೋಧಿಸಿದ್ದಕ್ಕೆ ಇದೂ ಒಂದು ಕಾರಣ. ಔಷಧಕ್ಕಾಗಿ ಹಿಂಸೆ ಸಲ್ಲುವುದೇ ಎಂಬ ಚರ್ಚೆ ಕಲಬುರಗಿಯ ನೆಲಕ್ಕೆ ಹೊಸದಲ್ಲ. ಮಾಂಸ, ಮದ್ಯ, ಮಧುಗಳಿಲ್ಲದ ವೈದ್ಯವನ್ನು 'ಕಲ್ಯಾಣಕಾರಕ' ಎಂಬ ಸಂಸ್ಕೃತ ಗ್ರಂಥದಲ್ಲಿ ನಿರೂಪಿಸಿದ ಉಗ್ರಾದಿತ್ಯಾಚಾರ್ಯನು, ಮಾಂಸೌಷಧದ ನಿರಾಕರಣೆಯನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನೆಂದು ಆ ಗ್ರಂಥವೇ ಹೇಳುತ್ತದೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಇದೇ ಜಿಲ್ಲೆಯ ಮಳಖೇಡ. ಮಗುವಿನ ಜೀವ ಮತ್ತು ಕರುವಿನ ನೋವು ಎರಡನ್ನೂ ತೂಗುವ ಮನಸ್ಸನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ದೇವಿ ಹೋದ ಮೇಲೆ

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಿನಲ್ಲಿ. 1980ರ ಮೇ 8ರಂದು ಜಗತ್ತಿನಿಂದಲೇ ಅದು ಅಳಿಯಿತೆಂದು ಘೋಷಿಸಲಾಯಿತು. ಕೊನೆಯ ವರ್ಷಗಳಲ್ಲಿ ಬಿಹಾರ ಮೊದಲಾದೆಡೆ ಮನೆಗಳಿಗೆ ನುಗ್ಗಿ ಬಲವಂತದಿಂದ ಲಸಿಕೆ ಹಾಕಿದ ಪ್ರಸಂಗಗಳೂ ನಡೆದವು. ಅದರ ಬೆನ್ನಲ್ಲೇ ಬಂದ ತುರ್ತುಪರಿಸ್ಥಿತಿಯ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಸರಕಾರದ ಸೂಜಿಯ ಬಗ್ಗೆ ಜನರಲ್ಲಿ ಶಂಕೆಯನ್ನು ಬಿತ್ತಿದವು. ಮುಂದೆ ಪೋಲಿಯೊ ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ದೇಶದ ಹಲವೆಡೆ ಹಬ್ಬಿದಾಗ, ಅದರ ಬೇರು ಈ ನೆನಪಿನಲ್ಲಿತ್ತು. ರೋಗ ಅಳಿದರೂ ಬಲಾತ್ಕಾರದ ನೆನಪು ಅಳಿಯುವುದಿಲ್ಲ.

1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದಾಗ ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ ಈ ಆರು ರೋಗಗಳು ಅದರ ಗುರಿಯಾಗಿದ್ದವು. 2014ರ ಡಿಸೆಂಬರಿನಲ್ಲಿ ಘೋಷಿತವಾದ ಇಂದ್ರಧನುಷ್ ಅಭಿಯಾನಕ್ಕೆ ದೇಶದಲ್ಲಿ ಹಿಂದುಳಿದ 201 ಜಿಲ್ಲೆಗಳನ್ನು ಆರಿಸಿದಾಗ ಅವುಗಳಲ್ಲಿ ಕಲಬುರಗಿಯೂ ಇತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ಶೇ. 62.6; ಮುಂದಿನ ಸಮೀಕ್ಷೆಯಲ್ಲಿ ಶೇ. 84.1. ಏರಿಕೆ ದೊಡ್ಡದು, ಉಳಿದ ಮಕ್ಕಳ ಸಂಖ್ಯೆಯೂ ಸಣ್ಣದಲ್ಲ.

ಆ ಉಳಿದ ಮಕ್ಕಳ ತಾಯಂದಿರನ್ನು ಇಂದು ಕಾಡುವ ಚಿಂತೆ ಯಾವುದು? ಮಹಾಗಾಂವದಂಥ ಊರಿನಲ್ಲಿ ಕೂಲಿಗೆ ಹೋಗುವ ತಾಯಿಗೆ ಒಂದೂವರೆ ತಿಂಗಳ ಕೂಸಿಗೆ ಲಸಿಕೆ ಹಾಕಿಸುವುದೆಂದರೆ ಆ ರಾತ್ರಿಯ ಜ್ವರ, ಬಾತುಕೊಂಡ ತೊಡೆ, ನಿಲ್ಲದ ಅಳು, ಮರುದಿನದ ಕೂಲಿ ತಪ್ಪುವುದು. ದುಡಿಮೆಗೆಂದು ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೋಗಿ ಬರುವ ಕುಟುಂಬಗಳಲ್ಲಿ ಕಂತು ತಪ್ಪುತ್ತದೆ. ತಪ್ಪಿಸಿದ್ದಕ್ಕೆ ಬೈಯುತ್ತಾರೆಂದು ಮತ್ತೆ ಹೋಗಲು ಅಂಜಿಕೆ. ಪೇಟೆಯ ಓದಿದ ತಾಯಿಯ ಚಿಂತೆ ಬೇರೆ. ಒಂದೇ ದಿನ ಇಷ್ಟು ಸೂಜಿ ಬೇಕೇ, ದಡಾರದ ಲಸಿಕೆಯಿಂದ ಆಟಿಸಂ ಬರುವುದಂತೆ ಎಂಬ ಮಾತು ಆಕೆಯ ಕೈಯಲ್ಲಿರುವ ಮೊಬೈಲಿಗೇ ಬರುತ್ತದೆ. ಅದರ ಮೂಲವಾದ 1998ರ ವೇಕ್‌ಫೀಲ್ಡ್ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು ಎಂಬ ಸುದ್ದಿ ಮಾತ್ರ ಅಷ್ಟು ಬೇಗ ಬರುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್ಆಪ್ ವದಂತಿಗಳು ಇದೇ ರೀತಿ ಹರಡಿದವು.

ಲಸಿಕೆಯ ಗೆಲುವೇ ಇಲ್ಲಿ ಒಂದು ವಿಪರ್ಯಾಸವನ್ನು ತಂದಿದೆ. ಸಿಡುಬಿನ ಕಾಲದ ತಾಯಿಯ ಮುಂದೆ ಎರಡು ಭಯಗಳಿದ್ದವು, ರೋಗದ್ದು ಮತ್ತು ಸೂಜಿಯದು. ಎರಡನ್ನೂ ತೂಗಿ ನೋಡಬಹುದಾಗಿತ್ತು. ಗಂಟಲಮಾರಿಯಿಂದ ಉಸಿರುಕಟ್ಟಿದ ಮಗುವನ್ನು ಇಂದಿನ ತಾಯಿ ಕಂಡಿಲ್ಲ. ಆಕೆಯ ತಕ್ಕಡಿಯಲ್ಲಿ ಸೂಜಿಯ ಭಯವೊಂದೇ ಉಳಿದಿದೆ.

ತಾಯಿಯ ಹೆಸರು

ಈ ಭಯಕ್ಕೆ ಉತ್ತರ ಕೊಡುವವರು ಇಂದು ಅರಮನೆಯಲ್ಲಿಲ್ಲ. ಲಸಿಕೆ ಹಾಕಿದ ಮೇಲೆ ತಾಯಿಗೆ ನಾಲ್ಕು ಮಾತುಗಳನ್ನು ಹೇಳಬೇಕೆಂಬ ನಿಯಮ ಆರೋಗ್ಯ ಕಾರ್ಯಕರ್ತೆಯರಿಗಿದೆ: ಹಾಕಿದ್ದು ಯಾವ ಲಸಿಕೆ, ಯಾವ ರೋಗವನ್ನು ತಡೆಯುತ್ತದೆ, ಏನೇನು ತೊಂದರೆ ಆಗಬಹುದು, ಆದರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಕಾರ್ಡನ್ನು ಜೋಪಾನವಾಗಿಡಬೇಕು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಲು ಹೇಳುತ್ತಾರೆ. ಇವುಗಳಲ್ಲಿ ಎರಡನೆಯ ಮಾತು ಎಲ್ಲಕ್ಕಿಂತ ಮುಖ್ಯ. ಜ್ವರ ಬರುತ್ತದೆ ಎಂದು ಮೊದಲೇ ಹೇಳಿದ ತಾಯಿಗೆ ಆ ರಾತ್ರಿಯ ಜ್ವರ ಔಷಧದ ಕೆಲಸವಾಗಿ ಕಾಣುತ್ತದೆ. ಹೇಳದಿದ್ದ ತಾಯಿಗೆ ಅದೇ ಜ್ವರ ಪೂತನಿಯ ಹಾಲಾಗಿ ಕಾಣುತ್ತದೆ. ಅವಸರದಲ್ಲಿ ಈ ಮಾತು ಬಿಟ್ಟುಹೋದರೆ ಆಕೆ ಮುಂದಿನ ಕಂತಿಗೆ ಬರುವುದು ಕಷ್ಟ.

ಆ ಮಾತನ್ನು ಹೇಳುವ ಆಶಾ ಕಾರ್ಯಕರ್ತೆ ಬಹುಮಟ್ಟಿಗೆ ಅದೇ ಊರಿನ ಸೊಸೆ, ತಾನೂ ಮಕ್ಕಳ ತಾಯಿ. ತನ್ನ ಮಗುವಿಗೆ ಏನಾಯಿತು, ಜ್ವರ ಎಷ್ಟು ಹೊತ್ತು ಇತ್ತು ಎಂದು ಅವಳು ಹೇಳಬಲ್ಲಳು. ಸೆರಗು ಸರಿಸಿ ತೋಳು ತೋರಿಸಿದ ರಾಣಿಯ ಕೆಲಸವನ್ನೇ ಇವಳು ಅರಮನೆಯ ಹೆಸರಿಲ್ಲದೆ, ಚಿತ್ರಕಾರನಿಲ್ಲದೆ ಮಾಡುತ್ತಿದ್ದಾಳೆ. ಎಲ್ಲಿಸನ ಕಾವ್ಯದಂಥ ಜಾಣತನವೂ, ಬಿಹಾರದ ಬಲವಂತವೂ ಮಾಡಲಾರದ್ದನ್ನು ಈ ನೇರವಾದ ಮಾತು ಮಾಡಬಲ್ಲದು.

ಕರ್ನಾಟಕದಲ್ಲಿ ಗರ್ಭಿಣಿಯಾದಾಗಲೇ ಕೊಡುವ, ಮುಂದೆ ಮಗುವಿನ ಲಸಿಕೆಗಳನ್ನೂ ಗುರುತಿಸುವ ಪುಸ್ತಿಕೆಗೆ 'ತಾಯಿ ಕಾರ್ಡು' ಎಂದು ಹೆಸರು. 'ದೇವಿ' ಪದದಂತೆ ಇದೂ ಜನರ ಬಾಯಲ್ಲಿ ನೆಲೆಸಿದೆ. 1802ರ ದಾಖಲೆಯಲ್ಲಿ ಮಗುವಿನ ಹೆಸರಿತ್ತು, ತಾಯಿಯ ಹೆಸರಿರಲಿಲ್ಲ. ಈ ಪುಸ್ತಿಕೆಯಲ್ಲಿ ಮಗು ಹುಟ್ಟುವ ಮೊದಲೇ ತಾಯಿಯ ಹೆಸರನ್ನು ಬರೆಯುತ್ತಾರೆ. ಆಕೆ ಕೇಳುವ ಪ್ರಶ್ನೆಗೂ ಅಷ್ಟೇ ಗೌರವ ದೊರೆತರೆ, ಲಸಿಕೆಯ ಇತಿಹಾಸದಲ್ಲಿ ಇನ್ನೂರು ವರ್ಷಗಳಿಂದ ಉಳಿದುಬಂದ ಒಂದು ಕೊರತೆ ತುಂಬುತ್ತದೆ.